ಅಳಿಯನ ಪಾಳಿ

ವಿದ್ಯೆ ವಿನಯ ಕೊಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ನನಗೆ ಅದು ಕೊಟ್ಟದ್ದು ನಾಚಿಕೆ. ಅದೂ ಮಾವನ ಮನೆಯ ಅಂಗಳದಲ್ಲಿ, ಬೀಗರಾಗಲಿರುವವರ ಎದುರಿಗೆ. ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಎಂಬಿಎ ಓದುವವರಿಗೆ ಕ್ಯೂಯಿಂಗ್ ಥಿಯರಿ ಕಲಿಸುತ್ತೇನೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪಾಳಿಯ ಶಾಸ್ತ್ರ. ಜನ ಎಷ್ಟು ಬೇಗ ಬರುತ್ತಾರೆ, ಕೌಂಟರಿನವನು ಎಷ್ಟು ಬೇಗ ಕೆಲಸ ಮುಗಿಸಿ ಕಳಿಸುತ್ತಾನೆ, ಇವೆರಡು ಗೊತ್ತಾದರೆ ಪಾಳಿ ಎಷ್ಟು ಉದ್ದ ಬೆಳೆಯುತ್ತದೆ ಎಂದು ಕುಳಿತಲ್ಲೇ ಹೇಳಬಹುದು. ಈ ವಿದ್ಯೆ ತಲೆಗೇರಿದವನಿಗೆ ನಾಲ್ಕು ಜನ ಸಾಲಾಗಿ ನಿಂತದ್ದು ಕಂಡರೆ ಬಾಯಿ ತುರಿಸುತ್ತದೆ. ಅದೇ ಊರಿನ ಗಾಜಿಪುರ ಬಡಾವಣೆಯಲ್ಲಿ ನಮ್ಮ ಓಣಿಯ ಹಾಲಿನ ಅಂಗಡಿಯವನಿಗೆ ಇನ್ನೊಂದು ಕೌಂಟರ್ ತೆರೆಯಲು ಸಲಹೆ ಕೊಟ್ಟು, “ಅರೆ ಸರ್, ದುಕಾನೇ ಇಷ್ಟದ ನೋಡ್ರಿ. ಇನ್ನೊಂದು ಕೌಂಟರ್ ನನ್ನ ತಲಿ ಮ್ಯಾಲ ಇಡ್ಲೇನ್ರೀ?” ಎಂದು ಅನ್ನಿಸಿಕೊಂಡಿದ್ದೇನೆ. ಅಷ್ಟಕ್ಕೆ ಬುದ್ಧಿ ಬರಬೇಕಿತ್ತು.

ನನ್ನ ಹೆಂಡತಿ ಮಹಾನಂದಾಳ ತವರು ಕಮಲಾಪುರ. ಅವಳ ತಂಗಿ ಸಂಗೀತಾಳ ನಿಶ್ಚಯಕ್ಕೆಂದು ಹಿಂದಿನ ದಿನವೇ ಹೋದೆವು. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಜನ ಕಿಟಕಿಯಿಂದ ಕರ್ಚೀಫು, ಟಾವೆಲು, ಒಬ್ಬರಂತೂ ಚಪ್ಪಲಿ ಎಸೆದು ಸೀಟು ಹಿಡಿಯುತ್ತಿದ್ದರು. ಪುಸ್ತಕದಲ್ಲಿ ಮನುಷ್ಯ ಪಾಳಿಯಲ್ಲಿ ನಿಲ್ಲುತ್ತಾನೆ, ನಮ್ಮಲ್ಲಿ ಅವನ ಟಾವೆಲು ನಿಲ್ಲುತ್ತದೆ ಎಂದು ನಾನು ನಗಾಡಿದೆ. ಮಹಾನಂದಾ ನಗಲಿಲ್ಲ. ಅವಳಿಗೆ ತಂಗಿಯದೇ ಚಿಂತೆ. ಹಿಂದೊಮ್ಮೆ ಕೂಡಿಬಂದಿದ್ದ ಸಂಬಂಧ, “ಬಂದವರಿಗೆ ಮರ್ಯಾದೆ ಸಾಲಲಿಲ್ಲ” ಎಂಬ ಒಂದೇ ಮಾತಿಗೆ ಮುರಿದಿತ್ತು. ಈ ಸಲ ಮಹಾಗಾಂವದಿಂದ ಬರುವ ಗಂಡಿನ ಕಡೆಯವರನ್ನು ಮನೆಯವರೆಲ್ಲ ಜಳಕ ಮಾಡಿ ಮಡಿ ಉಟ್ಟು ಬಾಗಿಲಲ್ಲೇ ಎದುರುಗೊಳ್ಳಬೇಕು, ಒಂದು ಎಳೆಯೂ ತಪ್ಪಬಾರದು ಎಂಬ ಆತಂಕದಲ್ಲಿ ಮಾವನವರು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಮನೆ ತುಂಬ ನೆಂಟರು, ಬಚ್ಚಲು ಒಂದೇ. ನನಗೆ ಇನ್ನೇನು ಬೇಕು? ರಾತ್ರಿ ಊಟಕ್ಕೆ ಕುಳಿತಾಗಲೇ ಘೋಷಿಸಿಬಿಟ್ಟೆ: ಬೇಗ ಮುಗಿಸುವವರು ಮೊದಲು, ತಲೆಗೆ ಎರೆದುಕೊಳ್ಳುವವರು ಆಮೇಲೆ, ಮನೆಯ ಅಳಿಯನಾದ ನಾನು ಎಲ್ಲರಿಗಿಂತ ಕೊನೆ. ಈ ಕೊನೆಯ ಮಾತು ಹೇಳುವಾಗ ನನ್ನ ತ್ಯಾಗಕ್ಕೆ ನಾನೇ ಕರಗಿದ್ದೆ. ಎಲ್ಲರೂ ಹೂಂ ಎಂದರು. ಕಮಲಾಪುರದಲ್ಲಿ ಅಳಿಯ ಏನು ಹೇಳಿದರೂ ಹೂಂ ಎನ್ನುತ್ತಾರೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೆಳಿಗ್ಗೆ ಲುಂಗಿ ಉಟ್ಟು, ಬಚ್ಚಲ ಬಾಗಿಲು ಕಾಣುವಂತೆ ಕಟ್ಟೆಯ ಮೇಲೆ ಕುಳಿತೆ. ಬಚ್ಚಲ ಮುಂದೆ ಒಂದು ನರಪಿಳ್ಳೆಯೂ ಇಲ್ಲ! ಬೇಗ ಮುಗಿಸುವವರು ನಾನು ಏಳುವ ಮೊದಲೇ ಮುಗಿಸಿರಬೇಕು ಎಂದುಕೊಂಡೆ. ಪಾಳಿಯ ಉದ್ದ ಸೊನ್ನೆ. ಇಷ್ಟು ಸೊಗಸಾದ ಫಲಿತಾಂಶ ನಾನು ಪುಸ್ತಕದಲ್ಲೂ ಕಂಡಿರಲಿಲ್ಲ. ಮಾವನವರು ಬಂದು ಕೈ ಹೊಸೆಯುತ್ತ, “ಸಾಹೇಬ್ರ, ನೀರು ಕಾದಾವ್ರೀ” ಎಂದರು. “ಭಾಳ ಚಲೋ ಆಯ್ತ್ರಿ” ಎಂದೆ. ಅತ್ತೆ ಬಾಗಿಲ ಮರೆಯಿಂದಲೇ, “ಬಚ್ಚಲದಾಗ ಹೊಸಾ ಟಾವೆಲ್ ಇಟ್ಟೀನಂತ ಅವರಿಗಿ ಹೇಳ್ರಿ” ಎಂದರು. ಒಳ್ಳೆಯ ವ್ಯವಸ್ಥೆ ಎಂದು ತಲೆದೂಗಿದೆ. ಕೊನೆಗೆ ತಲೆಗೆ ಎಣ್ಣೆ ಹಚ್ಚಿಕೊಂಡ ಸಂಗೀತಾಳೇ ಬಂದು, “ಮಾಮಾ, ನಿಮ್ಮ ಜಳಕ ಯಾವಾಗ್ರೀ?” ಎಂದಳು. ಅವಳನ್ನು ನಿಲ್ಲಿಸಿಕೊಂಡು, ದೊಡ್ಡ ಕೆಲಸದವನು ಹಿಂದೆ ನಿಂತರೆ ಎಲ್ಲರ ಕಾಯುವಿಕೆ ಹೇಗೆ ಕಡಿಮೆಯಾಗುತ್ತದೆ ಎಂದು ಉದಾಹರಣೆ ಸಮೇತ ಪಾಠ ಮಾಡಿದೆ. ಹುಡುಗಿ ಪೂರ್ತಿ ಕೇಳಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ಗಣಿತ ಕಷ್ಟವಾಯಿತೇನೋ ಎಂದುಕೊಂಡೆ.

ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದ ಮಹಾನಂದಾ ಹೊರಗೆ ಬಂದವಳೇ ನನ್ನ ಲುಂಗಿ ನೋಡಿ ಗಾಬರಿಯಾದಳು.

“ಏನ್ರೀ, ನೀವಿನ್ನಾ ಜಳಕಾ ಮಾಡಿಲ್ಲ?”

“ನಂದು ಕೊನೀ ಪಾಳಿ. ಎಲ್ಲಾರ್ದೂ ಆಗ್ಯಾದಲ್ಲ?”

“ಯಾರ್ದು ಆಗ್ಯಾದ್ರೀ? ಅಳಿಯಾನ ಜಳಕಾ ಆಗೋ ಮೊದಲ ಮಾವ ಹ್ಯಾಂಗ ನೀರ ಹಾಕ್ಕೋತಾನ? ಒಂದ ತಾಸಿನಿಂದ ಎಲ್ಲಾರೂ ನಿಮ್ಮ ದಾರಿ ಕಾಯಾಕತ್ತಾರ!”

ಒಳಗೆ ಇಣುಕಿದೆ. ಪಡಸಾಲೆಯಲ್ಲಿ ಹೆಗಲಿಗೆ ಟಾವೆಲು ಹಾಕಿಕೊಂಡ ಗಂಡಸರು, ಮಡಿಲಲ್ಲಿ ಸೀರೆ ಇಟ್ಟುಕೊಂಡ ಹೆಂಗಸರು, ಎಲ್ಲರೂ ಕುಳಿತು ಕಾಯುತ್ತಿದ್ದರು. ಕಾಯುವವರೆಲ್ಲ ಸಾಲಿನಲ್ಲಿ ನಿಂತೇ ಕಾಯುತ್ತಾರೆ ಎಂದು ನನಗೆ ಹೇಳಿಕೊಟ್ಟವರು ಯಾರೋ ಏನೋ. ಅಷ್ಟರಲ್ಲಿ ಬಾಗಿಲಿಗೆ ಜೀಪು ಬಂದು ನಿಂತಿತು. ಮಹಾಗಾಂವದವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದರು.

ಆಮೇಲಿನದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಾವನವರು ಬನಿಯನ್ನಿನ ಮೇಲೆ ಟಾವೆಲು ಹೊದ್ದುಕೊಂಡು ಬಾಗಿಲಿಗೆ ಓಡಿದರು. ಎಪ್ಪತ್ತು ದಾಟಿದ ಮನುಷ್ಯ, ಸುಳ್ಳಾಡಿದ್ದನ್ನು ನಾನು ಕೇಳಿರಲಿಲ್ಲ. ಕೈ ಮುಗಿದು, “ತಪ್ಪು ನಂದ್ರೀ. ನಳಕ್ಕ ನೀರು ತಡಾ ಮಾಡಿ ಬಂತು, ಹಿಂಗಾಗಿ ಯಾರ್ದೂ ಜಳಕಾ ಆಗಿಲ್ಲ” ಎಂದರು. ಸತ್ಯ ಹೇಳಲು ನನಗೆ ನಾಲಿಗೆ ಏಳಲಿಲ್ಲ. ತರಗತಿಯಲ್ಲಿ ಗಂಟೆಗಟ್ಟಲೆ ಆಡುವ ನಾಲಿಗೆ ಅದು.

ಗಂಡಿನ ತಂದೆ ಮಾವನವರ ಟಾವೆಲು ನೋಡಿದರು. ಆಮೇಲೆ ನನ್ನ ಲುಂಗಿ ನೋಡಿದರು. “ಹಿರೇ ಅಳಿಯಾರದೂ ಆಗಿಲ್ಲೇನು? ಮೊದಲ ಅವರಿಗಿ ಕಳಸ್ರಿ. ನಾವು ಕೂಡ್ತೀವಿ, ಗಡಿಬಿಡಿ ಏನಿಲ್ಲ” ಎಂದು ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಹೀಗೆ ಎರಡು ಮನೆತನದವರನ್ನು ಹೊರಗೆ ಕೂಡಿಸಿ ನಾನು ಜಳಕಕ್ಕೆ ಹೋದೆ. ಬೆಳಗಿನಿಂದ ಕುದಿದ ನೀರು, ಮುಟ್ಟಿದರೆ ಬೊಬ್ಬೆ. ತಣ್ಣೀರು ಕೊಡಿ ಎಂದು ಕೂಗಲು ಮುಖವೆಲ್ಲಿತ್ತು? ಹೊರಗಿನ ಮೌನದಲ್ಲಿ ನಾನು ಸುರಿದುಕೊಂಡ ಒಂದೊಂದು ತಂಬಿಗೆಯೂ ಎಲ್ಲರಿಗೂ ಕೇಳುತ್ತಿತ್ತು.

ದೇವರು ದೊಡ್ಡವನು, ನಿಶ್ಚಯ ನಡೆಯಿತು. ಸಂಗೀತಾ ಒದ್ದೆ ಕೂದಲಲ್ಲೇ ಉಡಿ ತುಂಬಿಸಿಕೊಂಡಳು. ಮಾವನವರು ಬೈಯುವ ಬದಲು ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು.

ಈಗ ಕಮಲಾಪುರಕ್ಕೆ ಹೋಗುವುದಿದ್ದರೆ ಗಾಜಿಪುರದಲ್ಲೇ ಜಳಕ ಮುಗಿಸಿ ಬಸ್ ಹತ್ತುತ್ತೇನೆ, ಯಾರಿಗೂ ತೊಂದರೆ ಬೇಡವೆಂದು. ಮೊದಲ ಸಲ ಹಾಗೆ ಹೋದಾಗ ಅತ್ತೆ ಕಣ್ಣು ತುಂಬಿಕೊಂಡು, “ಯಾಕವ್ವಾ, ನಮ್ಮನಿ ನೀರು ಅವರಿಗಿ ಸೇರಂಗಿಲ್ಲೇನು?” ಎಂದು ಮಗಳನ್ನು ಕೇಳಿದರು. ಇಣುಕಿ ನೋಡಿದೆ. ಪಡಸಾಲೆಯಲ್ಲಿ ಮಾವನವರು ಹೆಗಲ ಮೇಲೆ ಟಾವೆಲು ಹಾಕಿಕೊಂಡು, ನನ್ನನ್ನು ನೋಡಿಯೂ ನೋಡದವರಂತೆ ಕುಳಿತಿದ್ದರು. ಮರುಮಾತಾಡದೆ ಅಂಗಿ ಬಿಚ್ಚಿ, ಆ ದಿನದ ಎರಡನೆಯ ಜಳಕಕ್ಕೆ ಹೋದೆ.