ಎದೆಯ ಮೇಲೊಂದು ಕೈ

ಸ್ಕೂಟರ್ ಸ್ಟಾರ್ಟ್ ಆದ ಮೇಲೆಯೇ ಮಕ್ಕಳಿಗೆ ಚಾರ್ಟ್ ಪೇಪರ್ ನೆನಪಾಗುವುದು. ಇದು ಯಾವ ಬ್ರಹ್ಮ ಮಾಡಿದ ಕಾನೂನೋ!

"ಅಪ್ಪಾ, ಇವತ್ತು ಚಾರ್ಟ್ ಪೇಪರ್ ತರಬೇಕಂತೆ. ಮಿಸ್ ಹೋದ ವಾರಾನೇ ಹೇಳಿದ್ರು," ಎಂದಳು ಮೂರನೇ ಕ್ಲಾಸಿನ ಧರಣಿ.

ಬೇರೆ ದಿನವಾಗಿದ್ದರೆ ನಾಗೇಂದ್ರನ ಕೂಗಿಗೆ ಸಿದ್ಧಾರ್ಥನಗರದ ಆ ಕ್ರಾಸಿನ ಕಾಗೆಗಳೆಲ್ಲ ಹಾರಿಹೋಗುತ್ತಿದ್ದವು. ಹೆಂಡತಿ ಬೆಳಗಿನ ಪಾಳಿಗೆ ಹೊರಟ ಮೇಲೆ ಮಗಳನ್ನು ಎಬ್ಬಿಸಿ, ತಿನ್ನಿಸಿ, ಜಡೆ ಹಾಕಿ ಹೊರಡಿಸುವಷ್ಟರಲ್ಲಿ ದಿನಾ ಕಿರುಚುವುದು, ಆಮೇಲೆ ಆಫೀಸಿನಲ್ಲಿ ಕೂತು ದಿನಾ ನಾಚಿಕೆಪಡುವುದು, ಇದೇ ಅವನ ಬಾಳು. ಇವತ್ತು ಮಾತ್ರ ಬೈಯುವುದಿಲ್ಲವೆಂದು ಮಗಳಿಗೆ ಭಾಷೆ ಕೊಟ್ಟಿದ್ದ. ಶಾಲೆಯ ಪೋಷಕರ ಸಭೆಯಲ್ಲಿ ಒಬ್ಬ ಮೇಡಂ ಉಪಾಯವನ್ನೂ ಹೇಳಿಕೊಟ್ಟಿದ್ದರು: ಸಿಟ್ಟು ಬಂದಾಗ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ನಿಮಗೆ ನೀವೇ ಸಮಾಧಾನ ಹೇಳಿಕೊಳ್ಳಿ.

ನಾಗೇಂದ್ರ ಸ್ಕೂಟರ್ ಆರಿಸಿದ. ಗೇಟಿನ ಪಕ್ಕ ಕುಕ್ಕರಿಸಿ, ಕಣ್ಣು ಮುಚ್ಚಿ ಎದೆ ಹಿಡಿದುಕೊಂಡ. "ಆಗಿದ್ದಾಯ್ತು, ಬುಡು ನಾಗೇಂದ್ರ. ನೀನೇನೂ ಕೆಟ್ಟೋನಲ್ಲ," ಎಂದು ಗೊಣಗಿದ.

"ಅಯ್ಯಯ್ಯೋ! ನಾಗೇಂದ್ರ ಎದೆ ಹಿಡ್ಕೊಂಡು ಕೂತ್ಬುಟ್ಟವ್ನೆ, ಬನ್ರಪ್ಪೋ!" ಎದುರುಮನೆಯ ಸಾಕಮ್ಮ ಪೊರಕೆ ಎಸೆದು ಓಡಿಬಂದರು.

ಕಣ್ಣು ಬಿಡುವಷ್ಟರಲ್ಲಿ ಬೀದಿಯೇ ಸುತ್ತ ನಿಂತಿತ್ತು. ಒಬ್ಬರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಬಾಯಿಗೆ ಸೋಡಾ ಹಿಡಿದರು. "ನಂಗೇನೂ ಆಗಿಲ್ಲ..." ಎನ್ನಹೋದರೆ, ಪಕ್ಕದ ಮನೆಯ ಸಣ್ಣಮಾದಯ್ಯ, "ಮಾತಾಡ್ಬೇಡ ಕಣಪ್ಪ, ಉಸ್ರು ಉಳಿಸ್ಕೊ!" ಎಂದು ಮೂಟೆಯಂತೆ ಆಟೋಗೆ ತುಂಬಿದರು. ಧರಣಿ "ಅಪ್ಪಾ!" ಎಂದು ಅಳುತ್ತ ಆಟೋ ಹಿಂದೆ ಓಡಿದಳು. ಸಾಕಮ್ಮ ಹಿಡಿದು ನಿಲ್ಲಿಸಿದರು.

ಆಸ್ಪತ್ರೆಯಲ್ಲಿ ಇಸಿಜಿ ಕನ್ನಡಿಯಷ್ಟು ಸ್ವಚ್ಛ.

"ಮತ್ತೆ ಎದೆ ಯಾಕ್ರೀ ಹಿಡ್ಕೊಂಡ್ರಿ?" ಎಂದರು ಡಾಕ್ಟರು.

"ನನ್ನನ್ನ... ನಾನೇ ಸಮಾಧಾನ ಮಾಡ್ಕೊತಿದ್ದೆ ಸರ್."

ಡಾಕ್ಟರು ಕನ್ನಡಕ ತೆಗೆದು ನೋಡಿದರು. ನರ್ಸು ಕಿಸಕ್ಕೆಂದಳು. ಸಣ್ಣಮಾದಯ್ಯ, "ಪಾಪ, ತಲೆಗೂ ಏರ್ಬುಟ್ಟದೆ," ಎಂದು ಲೊಚಗುಟ್ಟಿದರು. ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು ನಾಗೇಂದ್ರನಿಗೆ.

ಮನೆಗೆ ಬಂದರೆ ಬೀದಿಯ ಜನವೆಲ್ಲ ತುಂಬಿ ಒಳಗೆ ಕಾಲಿಡಲು ಜಾಗವಿಲ್ಲ. ಸ್ಕೂಲಿಗೂ ಹೋಗದೆ ಅತ್ತು ಕಣ್ಣು ಊದಿಸಿಕೊಂಡಿದ್ದ ಧರಣಿ, ಅಪ್ಪನಿಗೆಂದು ಬಿಸಿ ಗಂಜಿ ಹಿಡಿದು ಓಡಿಬಂದು ಎಡವಿದಳು. ಗಂಜಿಯೆಲ್ಲ ಅವನ ತೊಡೆಯ ಮೇಲೆ.

"ಕಣ್ ಕಾಣ್ಸಲ್ವೇನೇ ನಿಂಗೆ? ಮೂದೇವಿ!"

ಕಿಟಕಿ ಗಾಜು ನಡುಗಿತು. ಮರುಗಳಿಗೆಯೇ ನಾಗೇಂದ್ರ ನಾಲಿಗೆ ಕಚ್ಚಿಕೊಂಡ. ಅಷ್ಟು ಜನರ ಮುಂದೆ, ತನಗಾಗಿ ಅತ್ತ ಮಗುವಿಗೆ!

ಸಾಕಮ್ಮ ಕೈಮುಗಿದರು. "ಅಬ್ಬಾ! ಗಂಟ್ಲು ಬಂತಲ್ಲಾ! ಇನ್ನೇನೂ ಭಯ ಇಲ್ಲ, ನಡೀರಪ್ಪ ಎಲ್ರೂ."

ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋದರು. ನಾಗೇಂದ್ರನಿಗೆ ಮಗಳ ಮುಖ ನೋಡುವ ಧೈರ್ಯವಿರಲಿಲ್ಲ. ಅವಳೇ ಬಂದು ಕುತ್ತಿಗೆಗೆ ಜೋತುಬಿದ್ದಳು. ನಗುತ್ತಿದ್ದಳು!

"ಅಪ್ಪಾ, ನಾಳೆಯಿಂದ ದಿನಾ ಬೈಯಪ್ಪ. ನೀನು ಸುಮ್ನಿದ್ರೆ ನಂಗೆ ಭಯ ಆಗುತ್ತೆ."