ಕೆಂಪು ಲೋಕದ ಯಜಮಾನ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಬೆಂಗಳೂರಿನಿಂದ ಬಂದಿದ್ದ ಒಬ್ಬ ನಟನ ಮೂಗು.

ಚಳಿಗಾಲ ಮುಗಿಯುವ ಹೊತ್ತಿಗೆ ಟೀವಿಯವರು ಬ್ಯಾಡಗಿಗೆ ಬಂದಿದ್ದರು. ಅವರ ಧಾರಾವಾಹಿಯಲ್ಲಿ ಒಂದು ಲೋಕ ಸುಟ್ಟು ಬೂದಿಯಾಗುತ್ತದೆ. ಅಲ್ಲಿಯ ಜನ ಗಂಟುಮೂಟೆಗಳನ್ನು ಆಕಾಶದ ಹಡಗೊಂದಕ್ಕೆ ಹೇರಿಕೊಂಡು, ಇಳಿಯಲು ಇಷ್ಟು ಜಾಗ ಕೊಡಿ ಎಂದು ಗ್ರಹದಿಂದ ಗ್ರಹಕ್ಕೆ ಅಲೆಯುತ್ತಾರೆ. ಯಾರೂ ಇಳಿಸಿಕೊಳ್ಳುವುದಿಲ್ಲ. ಕಡೆಗೆ ಒಂದು ಕೆಂಪು ಲೋಕಕ್ಕೆ ಬಂದು ಅದರ ಯಜಮಾನನ ಮುಂದೆ ಕೈಮುಗಿದು ನಿಲ್ಲುತ್ತಾರೆ. ಆ ಕೆಂಪು ಲೋಕ ಎಲ್ಲಿ ಸಿಗಬೇಕು? ಊರಾಚೆ ಒಣಗಲು ಹರವಿದ್ದ ಮೆಣಸಿನಕಾಯಿಯನ್ನು ನೋಡಿದ್ದೇ, ನಿರ್ದೇಶಕ ದೇವರ ದರ್ಶನವಾದವನಂತೆ ಕಾರಿನಿಂದ ಇಳಿದುಬಿಟ್ಟ. ಕಣ್ಣು ಹಾಯುವವರೆಗೂ ಕೆಂಪು. ಮೇಲೆ ನೀಲಿ ಆಕಾಶ.

ಆದರೆ ಮೆಣಸಿನಕಾಯಿಗೆ ಧಾರಾವಾಹಿಯ ಕತೆ ಗೊತ್ತಿರಲಿಲ್ಲ. ಗಾಳಿ ಬೀಸಿತು. ಯಜಮಾನನ ವೇಷದ ನಟ ಸೀನಿದ ರಭಸಕ್ಕೆ ಅಂಟಿಸಿದ್ದ ಮೀಸೆ ಹಾರಿಹೋಗಿ ಕ್ಯಾಮೆರಾದ ಕಣ್ಣಿಗೆ ಮೆತ್ತಿಕೊಂಡಿತು. ಇನ್ನೊಂದು ಸೀನಿಗೆ ಕಿರೀಟ ಉರುಳಿತು. ಮತ್ತೊಂದಕ್ಕೆ ಅವನೇ ಕಾರು ಹತ್ತಿ ಹಾವೇರಿಯ ಕಡೆ ಹೋಗಿಬಿಟ್ಟ. ತಲೆಯ ಮೇಲೆ ಕೈಹೊತ್ತ ನಿರ್ದೇಶಕ ಸುತ್ತ ನೋಡುತ್ತಾನೆ, ಆ ಘಾಟಿನ ನಡುವೆ ಒಬ್ಬ ಮನುಷ್ಯ ಬೇವಿನ ಮರದ ನೆರಳಿನಲ್ಲಿ ನಿಂತವನಂತೆ ತಣ್ಣಗೆ ನಿಂತಿದ್ದಾನೆ.

ಅವನೇ ನಮ್ಮ ಚನ್ನೇಶ. ಪೇಟೆಯ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ಚೀಲ ತೂಗುವುದು ಅವನ ಉದ್ಯೋಗ. ಅವನ ತೂಕದ ಯಂತ್ರ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಅವನು ಮಾತ್ರ ಎಲ್ಲರ ಮುಲಾಜಿಗೂ ಬೀಳುತ್ತಿದ್ದ. ಭಗವಂತ ಅವನನ್ನು ಸೃಷ್ಟಿಸುವಾಗ ಕೈ, ಕಾಲು, ಕರುಳು ಎಲ್ಲವನ್ನೂ ಧಾರಾಳವಾಗಿಯೇ ಕೊಟ್ಟು, 'ಆಗೂದಿಲ್ಲ' ಎಂಬ ಒಂದು ಮಾತನ್ನು ಬಾಯಲ್ಲಿಡಲು ಮರೆತಿದ್ದ.

ಹಾಗಾಗಿ ವೇಷ ಹಾಕು ಎಂದಾಗಲೂ ಅವನು ಹೂಂ ಎಂದ. ಮುಖಕ್ಕೆ ಕೆಂಪು ಬಳಿದರು, ತಲೆಗೆ ಕಿರೀಟ ಇಟ್ಟರು.

"ಮಾತು ಏನ್ರಿ ನಂದು?" ಎಂದು ಚನ್ನೇಶ ಕೇಳಿದ.

"ಏನಾದ್ರೂ ಮಾತಾಡಿ ಸರ್, ಬಾಯಿ ಆಡ್ಸಿದ್ರೆ ಸಾಕು. ವಾಯ್ಸ್ ಆಮೇಲೆ ಬೇರೆಯವರದ್ದು ಹಾಕ್ಕೋತೀವಿ," ಎಂದ ನಿರ್ದೇಶಕ.

ಎದುರಿಗೆ ಲೋಕ ಕಳೆದುಕೊಂಡವರು ಗಂಟು ಹಿಡಿದು ಕೈಮುಗಿದು ನಿಂತರು. ಅವರ ಮುಂದಾಳುವಿನ ಬೋಳುತಲೆ, ತುಂಬಿದ ಹೊಟ್ಟೆ ನೋಡುತ್ತಿದ್ದಂತೆ ಚನ್ನೇಶನ ಎದೆಯಲ್ಲಿ ಏನೋ ಕುದಿಯಿತು. ಆ ಮನುಷ್ಯ ಥೇಟ್ ಅಜ್ಜಪ್ಪ ಮಾವನಂತಿದ್ದ.

ಅಜ್ಜಪ್ಪ ಎಂದರೆ ಚನ್ನೇಶನ ಹೆಂಡತಿ ನಿರ್ಮಲಾಳ ಸೋದರಮಾವ, ತುಂಗಭದ್ರೆಯ ದಂಡೆಯ ಐರಣಿಯವರು. ಕಳೆದ ಮಳೆಗಾಲದಲ್ಲಿ ಹೊಳೆ ಉಕ್ಕಿ ಮನೆಗೆ ನೀರು ಹೊಕ್ಕು ಗೋಡೆ ಕುಸಿಯಿತೆಂದು, ಹೆಂಡತಿ ಮಂಗಳವ್ವನ ಜೊತೆ "ಒಂದು ನಾಕು ದಿವಸ" ಎಂದು ಬಂದವರು. ಹೊಳೆ ಇಳಿಯಿತು, ಗೋಡೆ ಎದ್ದಿತು, ಸುಣ್ಣವೂ ಆಯಿತು. ಮಾವ ಮಾತ್ರ ಚನ್ನೇಶನ ಮಂಚದಿಂದ ಏಳಲಿಲ್ಲ. ಫ್ಯಾನು ಅವರ ತಲೆಯ ಮೇಲೆ, ಟೀವಿಯ ರಿಮೋಟು ಅವರ ತಲೆದಿಂಬಿನ ಕೆಳಗೆ. ಚನ್ನೇಶ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಸೊಳ್ಳೆಗಳ ಅತಿಥಿ. ಸೋದರಮಾವ ಎಂದರೆ ನಿರ್ಮಲಾಳ ಮದುವೆಯಲ್ಲಿ ಅವಳನ್ನು ಎತ್ತಿಕೊಂಡು ಬಂದು ಹಸೆಮಣೆಯ ಮೇಲೆ ಕೂರಿಸಿದವರು. ಅಂಥವರಿಗೆ ಹೋಗಿ ಎನ್ನುವ ಬಾಯಿ ಯಾರಿಗಿದ್ದೀತು?

ಅಂದು ಆ ಬಾಯಿ ಬಂದುಬಿಟ್ಟಿತು.

"ಮಾವಾರ, ಗ್ವಾಡಿ ಎದ್ದೈತಿ, ಸುಣ್ಣ ಆಗೇತಿ, ಇನ್ನರ ನಿಮ್ಮೂರಿಗೆ ಹೋಗ್ರಿ! ನನ್ನ ಮಂಚ ನನಗ ಬಿಡ್ರಿ! ಫ್ಯಾನಿನ ಗಾಳಿ ಹೆಂಗಿರತೈತಿ ಅನ್ನೂದ ಮರ್ತೇನ್ರಿ! ನಿಮ್ಮ ಗೊರಕಿಗೆ ಓಣ್ಯಾಗಿನ ನಾಯಿ ಬೊಗಳ್ತಾವ್ರಿ!" ಎನ್ನುತ್ತಾ ಹೋದಂತೆ ಅವನ ತುಟಿ ನಡುಗಿತು, ಕಣ್ಣು ತುಂಬಿ ಬಂತು, ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು. ಜನರೇಟರಿನ ಗದ್ದಲದಲ್ಲಿ, ದೂರ ನಿಂತಿದ್ದ ಊರ ಜನಕ್ಕೆ ಒಂದಕ್ಷರ ಕೇಳಿಸಲಿಲ್ಲ. ನಿರ್ದೇಶಕ ಚಪ್ಪಾಳೆ ತಟ್ಟಿ, "ಏನು ಫೀಲಿಂಗು ಸರ್!" ಎಂದ. ಎದೆಯ ಭಾರ ಇಳಿಸಿದ ಚನ್ನೇಶ ಆ ರಾತ್ರಿ ಕಟ್ಟೆಯ ಮೇಲೂ ಚೆನ್ನಾಗಿ ನಿದ್ದೆ ಮಾಡಿದ.

ಮೇಲಿಂದ ಇನ್ನೊಂದು ಸಂತೋಷ. "ಅಳಿಯಾ ಟೀವ್ಯಾಗ ಬರೂದನ್ನ ಕಣ್ತುಂಬ ನೋಡಿ, ಮರುದಿನಾನ ಊರು ಹಿಡೀತೀವಿ," ಎಂದು ಅಜ್ಜಪ್ಪ ತಾವಾಗಿಯೇ ಹೇಳಿದ್ದರು.

ಆ ದಿನ ಬಂತು. ಭಾನುವಾರ. ಸಂಜೆ ಏಳಕ್ಕೆ ಧಾರಾವಾಹಿಯ ಕೊನೆಯ ಕಂತು. ಬೆಳಿಗ್ಗೆಯೇ ಮಂಗಳವ್ವ ಗಂಟು ಕಟ್ಟಿ ಪಡಸಾಲೆಯಲ್ಲಿಟ್ಟಿದ್ದರು. ಅಜ್ಜಪ್ಪನ ತಮ್ಮ ಮೈಲಾರೆಪ್ಪ ಸೋಮವಾರ ಐರಣಿಯಿಂದ ಗಾಡಿ ತರುವುದೆಂದು ಮಾತಾಗಿತ್ತು. ಗಂಟುಗಳನ್ನು ನೋಡಿದಾಗಲೆಲ್ಲ ಚನ್ನೇಶನಿಗೆ ಹಬ್ಬ. ಅದೇ ಹುರುಪಿನಲ್ಲಿ ಚಹಾ ಕುಡಿಯಲು ಹೋದವನಿಗೆ, ಟೀವಿ, ಮೊಬೈಲು ರಿಪೇರಿ ಮಾಡುವ ದುರ್ಗೇಶ ಸಿಕ್ಕ. ಆ ಓಣಿಯಲ್ಲಿ ದುರ್ಗೇಶನಿಗೆ ತಿಳಿಯದ ವಿಷಯವಿಲ್ಲ. ತಿಳಿಯದಿದ್ದರೆ ಅದು ವಿಷಯವೇ ಅಲ್ಲ.

"ಏನ್ ಚನ್ನೇಶಣ್ಣಾ, ಇವತ್ತು ನಿನ್ನ ದನಿ ರಾಜ್ಯಕ್ಕೆಲ್ಲಾ ಕೇಳೂದೈತಿ!"

"ದನಿ ನಂದಲ್ಲೋ. ಬ್ಯಾರೇದವರದ್ದು ಹಾಕ್ತಾರಂತ."

"ಯಾ ಕಾಲದಾಗ ಅದೀಯೋ ಯಣ್ಣಾ! ಈಗ ಆಡಿದ್ದ ಮಾತು ಆಡಿದಂಗ ಇಡ್ತಾರ. ತಲಿ ಮ್ಯಾಲ ಕೋಲಿಗೆ ಬೆಕ್ಕಿನ ಬಾಲದಂಥಾದ್ದು ಏನರ ಹಿಡಿದಿದ್ರೇನು?"

ಚನ್ನೇಶ ಬಾಯಿಗೆತ್ತಿದ ಲೋಟವನ್ನು ಕೆಳಗಿಟ್ಟ. "ಹಿಡಿದಿದ್ರು."

"ಮುಗೀತು. ಅದು ಮೈಕು. ನೀ ಕೆಮ್ಮಿದ್ರ ಕೆಮ್ಮೂ ಬರತೈತಿ."

ಚನ್ನೇಶ ಲೆಕ್ಕ ಹಾಕಿದ. ಇಡೀ ಓಣಿಯ ಮುಂದೆ, ನಿರ್ಮಲಾಳ ಮುಂದೆ, ಅವಳನ್ನು ಎತ್ತಿ ಆಡಿಸಿದ ಸೋದರಮಾವನ ಮುಂದೆ, "ನಿಮ್ಮ ಗೊರಕಿಗೆ ನಾಯಿ ಬೊಗಳ್ತಾವ್ರಿ" ಎಂದು ಅವನದೇ ಬಾಯಿ ಗುಡುಗುತ್ತದೆ! ಮಾವ ನಾಳೆ ಹೋಗುವುದು ಖರೆ. ಆದರೆ ಹಾಗೆ ಹೋದರೆ ಅವರ ಜೊತೆ ನಿರ್ಮಲಾಳೂ ಹೋಗುತ್ತಾಳೆ. ಚಹಾವನ್ನು ಅಲ್ಲೇ ಬಿಟ್ಟು, ಕಾಗಿನೆಲೆಯ ದಿಕ್ಕಿಗೆ ತಿರುಗಿ ಕೈಮುಗಿದ. 'ಆದಿಕೇಶವಾ, ನಾ ಆಡಿದ್ದು ಒಂದ ಒಂದು ಮಾತೂ ಮಾವನ ಕಿವಿಗೆ ಬೀಳದಂಗ ನೋಡ್ಕೊಳಪಾ. ಮತ್ತೇನೂ ಬೇಡೂದಿಲ್ಲ.' ದೇವರ ಮೇಲೆ ಭಾರ ಹಾಕಿದ ಮೇಲೆ ಸುಮ್ಮನಿರಬೇಕಿತ್ತು. ಆದರೆ ಭಕ್ತಿ ಗಟ್ಟಿಯಿಲ್ಲದವನು ದೇವರ ಕೆಲಸಕ್ಕೆ ತಾನೂ ಒಂದು ಕೈ ಹಚ್ಚುತ್ತಾನೆ.

ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ಚನ್ನೇಶ ಮಾಳಿಗೆ ಹತ್ತಿ ಟೀವಿಯ ಡಿಶ್ ತಟ್ಟೆಯನ್ನು ಪಡುವಣಕ್ಕೆ ತಿರುಗಿಸಿಬಿಟ್ಟ. ಇಳಿಯುವಾಗ ಏಣಿಯ ಮೆಟ್ಟಿಲು ಜಾರಿ, ಎದುರುಮನೆಯ ಕರಿಯವ್ವ ಒಣಹಾಕಿದ್ದ ಶಾವಿಗೆಯ ಮೇಲೆ ಕುಳಿತ.

"ಅಯ್ಯ ನಿನ್ನ! ಕೆಂಪು ಲೋಕದ ಯಜಮಾನಗ ಕುಂದ್ರಾಕ ನನ್ನ ಸ್ಯಾವಿಗಿನ ಬೇಕಾಗಿತ್ತೇನೋ?" ಎಂದು ಕರಿಯವ್ವ ಕೂಗಿದಳು. "ಮ್ಯಾಲ ಏನ್ ಮಾಡಾಕ ಹೋಗಿದ್ದಿ?"

"ಟೀವಿ ಚಿತ್ರ ಸರಿ ಬರಲಿ ಅಂತ, ಯವ್ವಾ..."

ಅಷ್ಟು ಸಾಕಾಯಿತು. ಕರಿಯವ್ವ ಹೋಗಿ ದುರ್ಗೇಶನನ್ನು ಕರೆತಂದಳು. ಅವನು ಮಾಳಿಗೆ ಹತ್ತಿ ತಟ್ಟೆಯನ್ನು ಮೊದಲಿಗಿಂತ ಚೆನ್ನಾಗಿ ಕೂರಿಸಿ, ತಂತಿಯಿಂದ ಬಿಗಿದು, "ಇನ್ನ ಬಿರುಗಾಳಿ ಬಂದ್ರೂ ಅಲ್ಗಾಡೂದಿಲ್ಲ," ಎಂದ. ಮಂಗಳವ್ವ ಅವನಿಗೆ ಮಂಡಕ್ಕಿ, ಮಿರ್ಚಿ ಕೊಟ್ಟು ಹರಸಿದರು.

ಸಂಜೆಯಾಗುತ್ತಲೂ ಓಣಿಯೇ ಪಡಸಾಲೆಗೆ ಬಂತು. ಬಂದವರೆಲ್ಲ ಚನ್ನೇಶನ ಬೆನ್ನು ತಟ್ಟುವವರೇ. ಅವನು ಬೆವರುತ್ತಾ, ಅಜ್ಜಪ್ಪನ ತಲೆದಿಂಬು ಸರಿಪಡಿಸುವ ನೆಪದಲ್ಲಿ ರಿಮೋಟಿನ ಸೆಲ್ಲು ಕಿತ್ತು ಜೇಬಿಗಿಳಿಸಿದ. ಕರಿಯವ್ವ ತನ್ನ ಗಡಿಯಾರದ ಸೆಲ್ಲು ತೆಗೆದು ತಂದಳು. "ನನ್ನ ಮನ್ಯಾಗ ವ್ಯಾಳ್ಯಾ ನಿಂತ್ರೂ ನಡೀತೈತಿ, ನಮ್ಮ ಚನ್ನೇಶನ್ನ ನೋಡೂದು ನಿಲ್ಲಬಾರ್ದು," ಎಂದಳು. ಎಲ್ಲರೂ ಹೌದೌದು ಎಂದರು.

ಉಳಿದದ್ದು ಒಂದೇ ದಾರಿ. ನೀರು ಕುಡಿದು ಬರುವೆನೆಂದು ಹೊರಗೆ ಬಂದು ಚನ್ನೇಶ ಮೀಟರಿನ ಫ್ಯೂಸನ್ನೇ ಕಿತ್ತು ಅಂಗಿಯೊಳಗೆ ಹಾಕಿಕೊಂಡ. ಮನೆ ಕತ್ತಲಾಯಿತು. ಒಳಗಿನಿಂದ ಹಾಹಾಕಾರ ಎದ್ದಿತು. ಕಾಗಿನೆಲೆಯಪ್ಪ ಕೈಬಿಡಲಿಲ್ಲ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಪಕ್ಕದ ಮನೆಯ ದೌಲತಬಿ ಬಾಗಿಲಿಗೆ ಬಂದಳು.

"ಯಾಕ ಎಲ್ಲಾರೂ ಕತ್ತಲದಾಗ ಕುಂತೀರಿ? ನಮ್ಮ ಮನ್ಯಾಗ ಕರೆಂಟ್ ಐತಿ. ಬರ್ರಿ, ಎಲ್ಲಾರೂ ಬರ್ರಿ!"

"ಅಷ್ಟು ಮಂದಿ ಎಲ್ಲಿ ಹಿಡಿಸ್ತಾರಬೇ ನಿಮ್ಮ ಮನ್ಯಾಗ," ಎಂದು ಚನ್ನೇಶ ತಡವರಿಸಿದ.

"ಮನಸ್ಸಿದ್ರ ಹಿಡಿಸ್ತಾರ, ಬಾ ಅಣ್ಣಾ. ಮಗಾ ಹೊಸಾದು ತಂದಾನ, ಗ್ವಾಡಿ ತುಂಬ ಟೀವಿ. ಎರಡ ಸೌಂಡ್ ಬಾಕ್ಸೂ ಅದಾವು. ನೀ ಪಿಸುಗುಟ್ಟಿದ್ರ ಪ್ಯಾಟೀತನಕ ಕೇಳತೈತಿ."

ಎಲ್ಲರೂ ಚಾಪೆ, ಚೊಂಬು, ಮಂಡಕ್ಕಿಯ ಬುಟ್ಟಿ ಹೊತ್ತು ಸಾಲಾಗಿ ಹೊರಟರು. ನಡುವೆ ತಲೆ ತಗ್ಗಿಸಿಕೊಂಡು ಚನ್ನೇಶ. ದೌಲತಬಿ ಅಜ್ಜಪ್ಪನಿಗೆ ಕುರ್ಚಿ ಹಾಕಿದಳು. ನಿರ್ಮಲಾ ಗಂಡನ ಮಗ್ಗುಲಲ್ಲಿ ಕುಳಿತು, "ಯಾಕ್ರಿ, ಇಷ್ಟ್ಯಾಕ ನಡುಗಾಕತ್ತೀರಿ?" ಎಂದು ಕಿವಿಯಲ್ಲಿ ಕೇಳಿದಳು.

"ಥಂಡಿ."

"ಬ್ಯಾಸಗ್ಯಾಗ?"

ಅಷ್ಟರಲ್ಲಿ ಗೋಡೆಯ ತುಂಬ ಕೆಂಪು ಹರಡಿತು. ಆಕಾಶದ ಹಡಗು ಇಳಿಯಿತು. ಲೋಕ ಕಳೆದುಕೊಂಡವರು ಗಂಟು ಹೊತ್ತು, ಕಣ್ಣೊರೆಸಿಕೊಳ್ಳುತ್ತಾ ಬಂದರು. "ಪಾಪ, ಎಷ್ಟು ಅಳ್ತಾವೋ!" ಎಂದು ಮಂಗಳವ್ವ ಸೆರಗು ಕಣ್ಣಿಗೊತ್ತಿದರು. ಆಮೇಲೆ ಕಿರೀಟ ಕಂಡಿತು. ಅದರ ಕೆಳಗೆ ಗಡಿಗೆಯಷ್ಟು ದೊಡ್ಡದಾಗಿ ಚನ್ನೇಶನ ಮುಖ. ಶಿಳ್ಳೆ, ಚಪ್ಪಾಳೆ. "ಸುಮ್ನಿರ್ರಿ, ಮಾತಾಡ್ತಾನ!" ಎಂದು ದುರ್ಗೇಶ ಗದರಿದ. ಗೋಡೆಯ ಮೇಲಿನ ಚನ್ನೇಶನ ತುಟಿ ನಡುಗಿತು, ಬಾಯಿ ತೆರೆಯಿತು. ಕೆಳಗಿನ ಚನ್ನೇಶ ಕಣ್ಣು ಮುಚ್ಚಿಕೊಂಡ.

ದೇವಸ್ಥಾನದ ಗಂಟೆಯಂಥ ಗಂಭೀರ ದನಿಯೊಂದು ಮನೆ ತುಂಬಿತು.

"ದಣಿದು ಬಂದಿದ್ದೀರಿ, ಬನ್ನಿ. ಈ ನೆಲವನ್ನು ನಾನು ಮಾಡಿದವನಲ್ಲ, ಮಾಡಿದವನು ಬಾಗಿಲು ಇಟ್ಟಿಲ್ಲ. ಎಷ್ಟು ದಿನ ಎಂದು ಕೇಳಲಾರೆ. ನನ್ನ ಜೀವ ಇರುವವರೆಗೂ ಹೋಗುವ ಮಾತು ಆಡಬೇಡಿ."

ಚನ್ನೇಶ ಒಂದು ಕಣ್ಣು ತೆರೆದ. ಗೋಡೆಯ ಮೇಲೆ ಅವನ ಮುಖ ನೆನೆದಿತ್ತು. ಮಂಚಕ್ಕಾಗಿ ಸುರಿದ ಕಣ್ಣೀರು ಕರುಣೆಯಾಗಿ ಹರಿಯುತ್ತಿತ್ತು. ಫ್ಯಾನಿಗಾಗಿ ಚಾಚಿದ ಕೈಗಳು ಬಂದವರನ್ನೆಲ್ಲ ಅಪ್ಪುವಂತಿದ್ದವು. ಕರಿಯವ್ವ ಗೊಳೋ ಎಂದಳು. ದೌಲತಬಿ ಮೂಗು ಒರೆಸಿಕೊಂಡಳು. ಆದಿಕೇಶವ ಬೇಡಿದ್ದನ್ನು ಬೇಡಿದಷ್ಟೇ ಕೊಟ್ಟಿದ್ದ. ಚನ್ನೇಶ ಆಡಿದ ಒಂದೇ ಒಂದು ಮಾತೂ ಮಾವನ ಕಿವಿಗೆ ಬಿದ್ದಿರಲಿಲ್ಲ. ಗಂಡಾಂತರ ಕಳೆಯಿತು, ನಾಳೆಯಿಂದ ಮಂಚ ನನ್ನದು ಎಂದು ಚನ್ನೇಶನೂ ಅತ್ತುಬಿಟ್ಟ.

ಅಜ್ಜಪ್ಪ ಕುರ್ಚಿಯಿಂದ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಅಳಿಯಾ, ಒಂದು ಮಾತು ಹೇಳ್ತೀನಿ. ನಿನ್ನ ಮನ್ಯಾಗ ಉಂಡ್ವಿ, ಮಲಗಿದ್ವಿ. ಆದ್ರ ನೀ ಒಂದು ದಿವಸಾನೂ ಬಾಯಿ ಬಿಟ್ಟು 'ಇರ್ರಿ' ಅನ್ನಲಿಲ್ಲ. ಭಾರ ಆಗೇವೇನೋ ಅಂತ ಒಳಗೊಳಗ ಸಂಕೋಚ. ಅದಕ್ಕ ಗಂಟು ಕಟ್ಟಿದ್ವಿ."

ಚನ್ನೇಶನ ಅಳು ನಿಂತಿತು. "ಮಾವಾರ, ಆ ದನಿ ನಂದಲ್ರಿ. ಬ್ಯಾರೇ ಯಾರದೋ..."

"ದನಿ ಯಾರದರ ಇರಲಿ. ಕಣ್ಣೀರು ಯಾರವು? ಆ ಕೈ ಯಾರವು?"

"ಕಣ್ಣೀರು ಖರೇನ ಅವನವ್ರಿ," ಎಂದು ದುರ್ಗೇಶ ಸಾಕ್ಷಿ ಹೇಳಿದ. "ಪ್ಯಾಟ್ಯಾಗ ದಿನಾ ನೋಡ್ತೀನಿ. ಮೆಣಸಿನಕಾಯಿಗೆ ಇಂವ ಅಳೂ ಪೈಕಿ ಅಲ್ಲ."

ನಿರ್ಮಲಾ ಗಂಡನನ್ನು ಹೊಸದಾಗಿ ಮದುವೆಯಾದವಳಂತೆ ನೋಡುತ್ತಿದ್ದಳು. ಅಜ್ಜಪ್ಪ ಅಲ್ಲಿಂದಲೇ ಐರಣಿಗೆ ಫೋನು ಹಚ್ಚಿದರು.

"ಮೈಲಾರೆಪ್ಪಾ, ನಾಳಿ ಗಾಡಿ ತರಬ್ಯಾಡ. ನಿನ್ನ ಮಗನ ಸಂಸಾರಕ್ಕ ಬ್ಯಾರೇ ಮನಿ ಬೇಕು ಅಂತಿದ್ದೆಲ್ಲಾ, ನಮ್ಮ ಮನ್ಯಾಗ ಇಡು. ನಾವಿನ್ನ ಇಲ್ಲೇ. ಏನ್ ಮಾಡೂದಪಾ, ಅಳಿಯಾ ಬಿಡವಲ್ಲ."

ಆ ಕಡೆಯಿಂದ ಮೈಲಾರೆಪ್ಪನ ಅನುಮಾನ ಎಲ್ಲರಿಗೂ ಕೇಳಿಸಿತು. "ಖರೇನ? ಎಲ್ಲಿ, ಅವನ ಕೈಯಾಗ ಕೊಡು. ಅವನ ಬಾಯಿಲೆ ಕೇಳಿ ಮುಂದಿಂದು ಮಾಡ್ತೀನಿ."

ಫೋನು ಚನ್ನೇಶನ ಕೈಗೆ ಬಂತು. ಇಡೀ ಓಣಿ ಉಸಿರು ಹಿಡಿದು ಅವನ ಬಾಯಿಯನ್ನೇ ನೋಡಿತು. ಮಂಗಳವ್ವ ಕೈಮುಗಿದುಕೊಂಡಿದ್ದರು. ಚನ್ನೇಶ ಒಮ್ಮೆ ಮಾವನ ಮುಖ ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ.

"ಹೌದ್ರಿ," ಎಂದ. "ನಾನ ಬಿಡವಲ್ಲೆ."

ಈ ಸಲ ದನಿಯೂ ಅವನದೇ ಆಗಿತ್ತು.