ಕಾರಿಗೆ ಬಾಟಲಿ ನೀರು

ಅಳಿಯನ ಮನೆಗೆ ಹೋದ ಅತ್ತೆ ಕಣ್ಣಿದ್ದೂ ಕುರುಡಿ, ಬಾಯಿದ್ದೂ ಮೂಗಿ ಆಗಿರಬೇಕು ಅಂತಾರೆ. ಹಾಗೆ ಹೇಳಿದವನು ಯಾರೋ ಅಳಿಯನೇ ಇರಬೇಕು. ಪರದೇಶದಲ್ಲಿ ಬೆಸ್ಟ್ ಅನ್ನುವ ಊರಿನಲ್ಲಿರುವ ದೊಡ್ಡ ಮಗಳು ಗಿರಿಜಾಳ ಮನೆಗೆ ಬಂದ ಮೇಲೆ ಕುರುಡಿಯಾಗಿ ಬೇಕಾದರೆ ಇದ್ದೇನು, ಮೂಗಿಯಾಗಿ ಇರುವುದು ನನ್ನಿಂದ ಆಗುವ ಮಾತಲ್ಲ.

ನೀರಿನ ವಿಷಯವನ್ನೇ ತಗೊಳ್ಳಿ. ಬಂದ ಹೊಸದರಲ್ಲಿ ನಲ್ಲಿ ನೀರು ಬಾಯಿಗೆ ಒಗ್ಗಲಿಲ್ಲ, ಒಂದು ಬಾಟಲಿ ನೀರು ತರಿಸಿ ಅಂದೆ. ಅಳಿಯ ಮಹಾಂತೇಶ, ದೊಡ್ಡ ಇಂಜಿನಿಯರು, ನಕ್ಕುಬಿಟ್ಟರು. ಈ ದೇಶದ ನಲ್ಲಿ ನೀರಿನಷ್ಟು ಶುದ್ಧ ನೀರು ಎಲ್ಲೂ ಇಲ್ಲವಂತೆ, ಬಾಟಲಿ ಕೊಳ್ಳುವವರು ದಡ್ಡರಂತೆ. ಆಯಿತಪ್ಪ ಅಂತ ಕುಡಿದೆ. ಆ ಶುದ್ಧ ನೀರು ಕಾಸಿದ ಕೆಟಲಿನ ತಳದಲ್ಲಿ ಬಿಳೀ ಸುಣ್ಣ ಕಟ್ಟುತ್ತದಲ್ಲ, ಅದನ್ನು ಕೆರೆದು ತೆಗೆಯುವವಳೂ ನಾನೇ. ಹೀಗಿರುವಾಗ ಅದೇ ಅಳಿಯ ಅಂಗಡಿಯಿಂದ ದೊಡ್ಡ ಬಾಟಲಿ ನೀರು ಹೊತ್ತು ತಂದು ಅಡಿಗೆಮನೆಯ ಮೂಲೆಯಲ್ಲಿಟ್ಟರು. ಅಂತೂ ನನ್ನ ಮಾತಿಗೆ ಬೆಲೆ ಬಂತು ಅಂದುಕೊಂಡೆ. ಕೇಳಿದರೆ, ಕಾರಿಗಂತೆ. ಹೆಣ್ಣು ಕೊಟ್ಟ ಅತ್ತೆಗೆ ನಲ್ಲಿ ನೀರು, ಕಾರಿಗೆ ಬಾಟಲಿ ನೀರು.

ಇಂಜಿನ್ ಕಾವು ತೋರಿಸುವ ಮುಳ್ಳು ಮೇಲೇರುತ್ತಿದೆ, ಅದನ್ನು ತಂಪಿಡುವ ಕೂಲಂಟ್ ಕೆಟ್ಟಿದೆ, ಎಲ್ಲ ಹರಿಸಿ ತೊಳೆದು ಹೊಸದು ತುಂಬಬೇಕು ಅಂದರು. ಗ್ಯಾರೇಜಿಗೆ ಒಯ್ಯಿರಿ ಅಂದರೆ ಅಲ್ಲಿ ಅಫ್‌ಸ್ಪ್ರಾಕ್ ಸಿಗಲಿಲ್ಲವಂತೆ. ಈ ದೇಶದಲ್ಲಿ ಪಕ್ಕದ ಮನೆಯಲ್ಲಿ ಚಹಾ ಕುಡಿಯಬೇಕಂದರೂ ಮೊದಲೇ ದಿನ ಗೊತ್ತು ಮಾಡಬೇಕು, ಅದಕ್ಕೆ ಅಫ್‌ಸ್ಪ್ರಾಕ್ ಅನ್ನುತ್ತಾರೆ. ಸಾಯುವವರೂ ಮುಂಚೆ ತಿಳಿಸಿಯೇ ಸಾಯಬೇಕೇನೋ. ಹೋಗಲಿ, ಮನೆಯಲ್ಲೇ ಮಾಡಿಕೊಳ್ಳಲಿ. ಆದರೆ ಅಳಿಯ ಆರಿಸಿಕೊಂಡ ದಿನ ಯಾವುದು? ಇದೇ ದೇಶದ ರೈಸ್‌ವೈಕ್ ಊರಿನಲ್ಲಿರುವ ಕಿರಿಮಗಳು ಸುಮಳ ಕುಬಸದ ದಿನ. ತುಂಬಿದ ಬಸುರಿ ಹಸಿರು ಸೀರೆಗೆ ಕಾದು ಕೂತಿದ್ದಾಳೆ, ಸೀರೆ, ಬಳೆ, ಹೋಳಿಗೆ ಎಲ್ಲ ನನ್ನ ಹತ್ತಿರ. ರಾಹುಕಾಲ ಬರುವುದರೊಳಗೆ ಉಡಿ ತುಂಬಬೇಕು.

ಅವತ್ತು ಬೆಳಿಗ್ಗೆ ಹೋಳಿಗೆಗೆ ಕಡಲೆಬೇಳೆ ಇಟ್ಟರೆ ಈ ಊರ ನೀರಿನಲ್ಲಿ ಎಂದಿನಂತೆ ಬೇಯದೆ ಹಟ ಹಿಡಿಯಿತು. ಮೂಲೆಯಲ್ಲಿದ್ದ ಬಾಟಲಿ ಕಣ್ಣಿಗೆ ಬಿತ್ತು. ಅದರ ಮೇಲೆ ಏನೇನೋ ಬರೆದಿತ್ತು, ನಾನು ಕಲಿತದ್ದು ಎರಡನೇ ಇಯತ್ತೆ, ಅದೂ ಕನ್ನಡ. ಹಟದ ನೀರು ಬಸಿದು ಇದನ್ನು ಸುರಿದೆ. ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಇನ್ನೊಬ್ಬರ ಕೊಡದ ನೀರು ತಗೊಂಡರೆ ತುಂಬಿಸಿ ಇಡಬೇಕು, ಶುಭಕಾರ್ಯದ ದಿನ ಖಾಲಿ ಕೊಡ ಕಾಣಬಾರದು. ನಮ್ಮಲ್ಲಿ ಇದು ಕೂಸಿಗೂ ಗೊತ್ತು. ನಲ್ಲಿಗೆ ಹಿಡಿದು ಬಾಟಲಿ ತುಂಬಿ, ಮುಚ್ಚಳ ಬಿಗಿಮಾಡಿ ಇದ್ದಲ್ಲೇ ಇಟ್ಟೆ.

ಅಳಿಯ ಮನೆ ಮುಂದೆ ಕಾರಿನ ಕೆಳಗೆ ಬೋಗುಣಿಯಿಟ್ಟು ಹಳೆಯದನ್ನು ಹರಿಸಿ, ತೊಳೆದು, ಆ ಬಾಟಲಿಯ ನೀರಿಗೆ ಶರಬತ್ತಿನಂಥ ಕೆಂಪು ಕೂಲಂಟ್ ಬೆರೆಸಿ ತುಂಬಿ, ದಿಗ್ವಿಜಯ ಮಾಡಿದವರ ಹಾಗೆ ಒಳಗೆ ಬಂದರು. ಹೂರಣದ ಉಂಡೆ ಕೊಟ್ಟೆ. ಭಾಳ ಮೆತ್ತಗೆ ಆಗಿದೆ ಅಂದರು. ನಿಮ್ಮ ಬಾಟಲಿ ನೀರಿನ ಪುಣ್ಯ, ತಗೊಂಡಷ್ಟನ್ನು ನಲ್ಲಿಯಿಂದ ತುಂಬಿಸಿಟ್ಟಿದ್ದೇನೆ ಅಂದೆ. ಉಂಡೆ ಬಾಯಿಯ ಹತ್ತಿರವೇ ನಿಂತಿತು. ಗಿರಿಜಾ ಗಾಬರಿಯಾಗಿ ಫೋನಿನಲ್ಲಿ ನೋಡಿ, ಅದು ಸುಣ್ಣ ತೆಗೆದ ನೀರು, ತಿಂದವರಿಗೇನೂ ಆಗಂಗಿಲ್ಲ ಅಂದಳು. ಅಳಿಯನ ಚಿಂತೆ ತಿಂದವರದಾಗಿರಲಿಲ್ಲ.

"ನಲ್ಲಿ ನೀರಾಗ ಸುಣ್ಣ ಇರ್ತದ ಅತ್ತಿ. ಇಂಜಿನ್ ಒಳಗ ಕಟ್ಟಿಕೋತದ."

"ಮತ್ತ ನನ್ನ ಒಳಗ?"

ಅಳಿಯ ಸೈಕಲ್ ಹತ್ತಿ ಇನ್ನೊಂದು ಬಾಟಲಿ ತರಲು ಹೋದರು. ಬಂದು ತುಂಬಿದ್ದನ್ನೆಲ್ಲ ಮತ್ತೆ ಹರಿಸಿದರು, ಮತ್ತೆ ತುಂಬಿದರು. ಸುಮ ಫೋನ್ ಮೇಲೆ ಫೋನ್ ಮಾಡುತ್ತಿದ್ದಳು. ನಾನು ಇಳಕಲ್ ಸೀರೆಯುಟ್ಟು, ಹೋಳಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತೇಬಿಟ್ಟೆ. ಅಳಿಯ ಕಿಟಕಿಗೆ ಬಗ್ಗಿ ಇಳಿಯಿರಿ ಅಂದರು. ಕೊಳವೆಯೊಳಗೆ ಸಿಕ್ಕ ಗಾಳಿ ಹೊರಗೆ ಹೋಗಬೇಕಾದರೆ ಇಂಜಿನ್ ಚಾಲೂ ಮಾಡಿ ಹೀಟರ್ ಪೂರ್ತಿ ತಿರುಗಿಸಿ ಬಿಡಬೇಕಂತೆ. ಆಚೆ ಬಿಸಿಲು, ಬೇಸಿಗೆ.

"ನಾ ಇಳದ್ರ ನೀವು ಮತ್ತೇನರೆ ಬಿಚ್ಚತೀರಿ. ನಾ ಇಳಿಯಂಗಿಲ್ಲ."

ಹೀಟರ್ ಹತ್ತಿತು. ಇಂಜಿನ್ ತಣ್ಣಗಿರಲಿ ಅಂತ ಮನುಷ್ಯರನ್ನು ಬೇಯಿಸುವ ಈ ವಿದ್ಯೆಯನ್ನು ಯಾರು ಕಂಡುಹಿಡಿದರೋ, ಅವರ ಮನೆಯಲ್ಲೂ ಒಬ್ಬ ಅತ್ತೆ ಇದ್ದಿರಬೇಕು. ಅಳಿಯ ಹೊರಗೆ ನಿಂತು ಗಾಜಿನಿಂದ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಬಾಗಿಲು ತೆಗೆಯಬಹುದಿತ್ತು. ಇಳಿಯಂಗಿಲ್ಲ ಅಂದಮೇಲೆ ಹೇಗೆ ತೆಗೆಯುವುದು?

ದಾರಿಯುದ್ದಕ್ಕೂ ಮುಳ್ಳು ಅಲುಗಲಿಲ್ಲ, ನನ್ನ ಕಾವು ಮಾತ್ರ ಇಳಿಯಲಿಲ್ಲ. ರಾಹುಕಾಲಕ್ಕೆ ಸ್ವಲ್ಪ ಮುಂಚೆ ಸುಮಳ ಮನೆ ಮುಟ್ಟಿ, ಓಡೋಡಿ ಹೋಗಿ ಅವಳ ಉಡಿ ತುಂಬಿದೆ. ತಲೆಯೆತ್ತಿದರೆ ನೆರೆದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಕುಂಕುಮ ಕರಗಿ ಮೂಗಿನ ತುದಿಗೆ ಇಳಿದಿತ್ತು, ಕಣ್ಣು ಕೆಂಡ, ಕೆನ್ನೆಯೆಲ್ಲ ನೀರು. ಬೈಟನ್‌ವೆಲ್ಡರ್ಟ್ ಅನ್ನುವ ಬಡಾವಣೆಯಿಂದ ಬಂದಿದ್ದ ಒಬ್ಬಾಕೆ ನನ್ನ ಕೈ ಹಿಡಿದು, "ತಾಯಿ ಕರುಳು ನೋಡ್ರಿ, ಅಳು ತಡಕೊಳ್ಳೋಕೆ ಆಗ್ತಾ ಇಲ್ಲ" ಅಂದಳು. ಸುಮಳೂ ಬಿಕ್ಕಿದಳು. ಅಳಿಯ ಮಹಾಂತೇಶ ಬಾಗಿಲಲ್ಲಿ ನಿಂತು ಚಾವಣಿ ನೋಡುತ್ತಿದ್ದರು.

ಹೆತ್ತ ಮಗಳ ಮದುವೆಯಲ್ಲೂ ಅಳದ ಹೆಂಗಸು ನಾನು. ಇದು ಅಳುವಲ್ಲ, ಬೆವರು ಅನ್ನಬೇಕೆಂದು ಬಾಯಿ ತೆರೆದೆ. ಅಂದರೆ ಬೆವರು ಯಾಕೆ ಬಂತು ಅಂತ ಮೊದಲಿಂದ ಹೇಳಬೇಕಾಗುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನೆ ಕೂತೆ.